ಅಪಘಾತದಲ್ಲಿ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯುವುದು ತರಬೇತಿಯಲ್ಲಿ ಕಲಿತ ಹಾಗೇ ಇರುತ್ತದಾ?

ನೀವು ಅಗ್ನಿಶಾಮಕ ಇಲಾಖೆಗೆ ಹೊಸಬರು, ಗುಜರಿ ಕಾರಿನ ಮೇಲ್ಛಾವಣಿ ಕತ್ತರಿಸುವುದನ್ನು ಕಲಿತಿದ್ದೇವೆ, ರಸ್ತೆಯಲ್ಲೂ ಹೀಗೇನಾ ಎಂದು ಕೇಳಿದ್ದೀರಿ. ನಾನು ಹಾವೇರಿ ಕಡೆ ಕೆಲಸ ಮಾಡುವವನು. ಕಟರ್ ಹಿಡಿಯುವ ರೀತಿ ಎಲ್ಲಿದ್ದರೂ ಒಂದೇ. ಕಟರ್ ಚಾಲೂ ಮಾಡುವ ಮೊದಲಿನ ಕೆಲಸವೇ ಇಲ್ಲಿ ಜಾಸ್ತಿ.

ತರಬೇತಿಯ ಕಾರು ಸಮನಾದ ನೆಲದ ಮೇಲೆ ನಿಂತಿರುತ್ತದೆ. ಬ್ಯಾಟರಿ ಇಲ್ಲ, ಡೀಸೆಲ್ ಇಲ್ಲ, ಒಳಗೆ ಕೂಗುವವರೂ ಇಲ್ಲ. ಹೈವೇ 48ರಲ್ಲಿ ನಮಗೆ ಹೆಚ್ಚಾಗಿ ಎದುರಾಗುವುದು ಲಾರಿ. ನಿಂತ ಲಾರಿಗೆ ಹಿಂದಿನಿಂದ ಇನ್ನೊಂದು ಗುದ್ದಿರುತ್ತದೆ. ಕ್ಯಾಬಿನ್ ಒಳಕ್ಕೆ ಜಜ್ಜಿಹೋಗಿ, ಡ್ರೈವರ್ ಕಾಲು ಪೆಡಲ್‌ಗೂ ಡ್ಯಾಶ್‌ಬೋರ್ಡ್‌ಗೂ ನಡುವೆ ಸಿಕ್ಕಿರುತ್ತದೆ. ಅಲ್ಲಿ ಛಾವಣಿ ಕತ್ತರಿಸಿ ಏನು ಮಾಡುತ್ತೀರಿ? ರ‍್ಯಾಮ್ (ಜಾಕ್ ತರಹ ಚಾಚಿಕೊಂಡು ತಳ್ಳುವ ಉಪಕರಣ) ಇಟ್ಟು ಡ್ಯಾಶ್‌ಬೋರ್ಡನ್ನು ಮುಂದಕ್ಕೆ ತಳ್ಳಬೇಕು. ಕ್ಯಾಬಿನ್ ನೆಲವೇ ನಿಮ್ಮ ಎದೆ ಮಟ್ಟಕ್ಕಿರುತ್ತದೆ, ಹಾಗಾಗಿ 15-20 ಕೆಜಿ ಉಪಕರಣವನ್ನು ಎತ್ತಿ ಹಿಡಿದೇ ಕೆಲಸ. ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಹೊರಟ ಗಾಡಿ ಓರೆಯಾಗಿದ್ದರೆ ಮೊದಲು ಗಾಲಿಗೆ ಕಟ್ಟಿಗೆ ಕೊಡಿ, ಆಮೇಲೆ ಹತ್ತಿ.

ಇನ್ನು ಜನ. ನೀವು ತಲುಪುವಷ್ಟರಲ್ಲಿ ಯಾರೋ ಹಾರೆ ಹಾಕಿ ಮೀಟುತ್ತಿರುತ್ತಾರೆ, ಇನ್ಯಾರೋ ಚೈನ್ ಕಟ್ಟಿ ಎಳೆಸಲು ಲಾರಿ ತಂದಿರುತ್ತಾರೆ. ತೋಳು ಹಿಡಿದು ಎಳೆಯುವವರನ್ನು ತಕ್ಷಣ ನಿಲ್ಲಿಸಿ, ಕುತ್ತಿಗೆ ಮೂಳೆಗೆ ಪೆಟ್ಟಾಗಿದ್ದರೆ ಅಷ್ಟೇ ಸಾಕು. ಆದರೆ ಎಲ್ಲರನ್ನೂ ಬೈದು ಓಡಿಸಬೇಡಿ. ಒಬ್ಬರ ಕೈಗೆ ಟಾರ್ಚ್ ಕೊಡಿ, ಇಬ್ಬರನ್ನು ಗಾಡಿ ತಡೆಯಲು ಕಳಿಸಿ. ಯಾವ ಬೋಲ್ಟ್ ಬಿಚ್ಚಿದರೆ ಸೀಟು ಸರಿಯುತ್ತದೆ ಎನ್ನುವುದು ಲಾರಿ ಕ್ಲೀನರ್‌ಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪೊಲೀಸ್ ಕೇಸಿಗೆ ಹೆದರುವವರಿಗೆ, ಸಹಾಯ ಮಾಡಿದವರ ರಕ್ಷಣೆಗೆಂದೇ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿಸಿದ್ದಾರೆ ಎಂದು ಹೇಳಿ. (ವಿಡಿಯೊ ಮಾಡುವವರಿಗೆ ಏನು ಹೇಳಬೇಕೋ ನನಗಂತೂ ಹೊಳೆದಿಲ್ಲ.)

ಕಾರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಗುಜರಿಗೆ ಬರುವ ಹಳೆ ಕಾರುಗಳಲ್ಲಿ ಏರ್‌ಬ್ಯಾಗ್ ಇರುವುದು ಅಪರೂಪ. ಆದರೆ 2019ರ ಜುಲೈನಿಂದ ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. ತೆರೆಯದೆ ಉಳಿದ ಏರ್‌ಬ್ಯಾಗ್ ನೀವು ಬಗ್ಗಿದ್ದಾಗ ಸಿಡಿಯಬಹುದು. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ, ಏರ್‌ಬ್ಯಾಗ್ ಎದುರಿಗೆ ಮುಖ ಇಡಬೇಡಿ. ಛಾವಣಿ ಹೊತ್ತ ಕಂಬ ಕತ್ತರಿಸುವ ಮುಂಚೆ ಪ್ಲಾಸ್ಟಿಕ್ ಕವರ್ ಕಿತ್ತು ನೋಡಿ, ಕೆಲವು ಕಾರುಗಳಲ್ಲಿ ಒಳಗೆ ಏರ್‌ಬ್ಯಾಗ್ ಉಬ್ಬಿಸುವ ಗ್ಯಾಸ್ ಸಿಲಿಂಡರ್ ಇರುತ್ತದೆ. ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ವೈರಿಗೆ ಕಟರ್ ತಾಗಿಸಲೇಬೇಡಿ.

ಕಾಲು ತುಂಬಾ ಹೊತ್ತು ಅದುಮಿಕೊಂಡಿದ್ದರೆ, 108ರವರು ಪಕ್ಕಕ್ಕೆ ಬಂದು ಸಲೈನ್ ಹಾಕುವವರೆಗೆ ಭಾರ ಸಡಿಲಿಸಲು ಅವಸರ ಬೇಡ. ಬಿಟ್ಟ ತಕ್ಷಣ ರಕ್ತದಲ್ಲಿ ವಿಷ ಹರಡಿ ಹೃದಯ ನಿಲ್ಲಬಹುದು. ಇಲ್ಲಿಂದ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ ಏನು ಪಕ್ಕದಲ್ಲಿಲ್ಲವಲ್ಲ.

ಮುಂದಿನ ಸಲ ಅಭ್ಯಾಸಕ್ಕೆ ಗಾಡಿ ತರಿಸುವಾಗ ಕಾರಿನ ಬದಲು ಹಳೆ ಲಾರಿ ಕ್ಯಾಬಿನ್ ಕೇಳಿ. ಓರೆಯಾಗಿ ನಿಲ್ಲಿಸಿ, ಒಳಗೊಂದು ಗೊಂಬೆ ಸಿಕ್ಕಿಸಿ, ಕತ್ತಲಾದ ಮೇಲೆ ಶುರುಮಾಡಿ.