ರೀಲೋಡಿಂಗ್‌ಗೆ ಯಾವ ಲೋಡ್ ಡೇಟಾ ನಂಬಬಹುದು?

ಅಮೆರಿಕದಲ್ಲಿ ಹೊಸದಾಗಿ ರೀಲೋಡಿಂಗ್ (ಹಾರಿಸಿದ ಗುಂಡಿನ ಖಾಲಿ ಕವಚಕ್ಕೆ, ಅಂದರೆ ಕೇಸ್‌ಗೆ, ಮತ್ತೆ ಪೌಡರ್, ಬುಲೆಟ್ ತುಂಬೋದು) ಶುರು ಮಾಡಿದ್ದೀರಿ, .308 ರೈಫಲ್‌ಗೆ ಒಂದೊಂದು ಕಡೆ ಒಂದೊಂದು ಪೌಡರ್ ಅಳತೆ ಸಿಗ್ತಿದೆ, ಯಾವುದನ್ನು ನಂಬೋದು ಅಂತ ಕೇಳಿದ್ದೀರಿ. ನಾನು ಟೆಕ್ಸಾಸ್‌ನಲ್ಲಿದ್ದೇನೆ, ಮನೆಯಲ್ಲೇ ರೀಲೋಡ್ ಮಾಡುತ್ತೇನೆ. ಒತ್ತಡವನ್ನು ಯಂತ್ರದಲ್ಲಿ ಅಳೆದು ನೋಡಿದವರ ಅಂಕಿಯನ್ನು ಮಾತ್ರ ನಂಬಿ. ಬೇರೆ ಯಾರದ್ದೂ ಬೇಡ.

ಹಾಗೆ ಅಳೆಯೋರು ಪೌಡರ್ ಮತ್ತು ಬುಲೆಟ್ ಕಂಪನಿಗಳು. ಹಾಡ್ಜ್‌ಡನ್‌ನವರ ವೆಬ್‌ಸೈಟ್‌ನಲ್ಲಿ ಅವರದ್ದು, ಐಎಂಆರ್, ವಿಂಚೆಸ್ಟರ್ ಪೌಡರ್‌ಗಳ ಡೇಟಾ ಪುಕ್ಕಟೆ ಸಿಗುತ್ತದೆ. ಹಾರ್ನಡಿ, ಸಿಯೆರಾ, ನಾಸ್ಲರ್ ತಮ್ಮ ಬುಲೆಟ್‌ಗಳಿಗೆ ಮ್ಯಾನ್ಯುಯಲ್ ತರುತ್ತಾರೆ. ಒಂದೇ ಪುಸ್ತಕ ಕೊಳ್ಳೋದಾದರೆ ಲೈಮನ್ ತಗೊಳ್ಳಿ. ಅದರಲ್ಲಿ ಬೇರೆ ಬೇರೆ ಕಂಪನಿಗಳ ಬುಲೆಟ್‌ಗಳೂ ಇವೆ.

ಎರಡು ಪುಸ್ತಕದಲ್ಲಿ ಅಂಕಿ ಬೇರೆ ಇದ್ದರೆ ಯಾರೋ ತಪ್ಪು ಮಾಡಿದ್ದಾರೆ ಅಂತಲ್ಲ. ಪರೀಕ್ಷೆ ಮಾಡಿದ ಬ್ಯಾರೆಲ್, ಕೇಸ್, ಪ್ರೈಮರ್ (ಪೌಡರ್‌ಗೆ ಕಿಡಿ ಹಚ್ಚುವ ಪುಟ್ಟ ಭಾಗ), ಪೌಡರ್‌ನ ಲಾಟ್ (ತಯಾರಾದ ಬ್ಯಾಚ್) ಬೇರೆ ಇರುತ್ತವೆ. .308ಕ್ಕೆ ಅಮೆರಿಕದಲ್ಲಿ ಮದ್ದುಗುಂಡಿನ ಮಾನದಂಡ ಇಡುವ ಸಾಮಿ ಸಂಸ್ಥೆ ಇಟ್ಟಿರುವ ಒತ್ತಡದ ಮಿತಿ 62,000 ಪಿಎಸ್‌ಐ. ಅಷ್ಟು ಒತ್ತಡ ನಿಮ್ಮ ಮುಖದ ಪಕ್ಕದಲ್ಲೇ ಏಳುತ್ತದೆ, ಅಲ್ವಾ? ಅದಕ್ಕೇ ಕಡಿಮೆ ಇರುವ ಸ್ಟಾರ್ಟ್ ಲೋಡ್‌ನಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವಾಗಿ ಮೇಲೆ ಹೋಗಿ. ಮಿಲಿಟರಿ ಕೇಸ್ ಬಳಸ್ತೀರಾದರೆ ಇನ್ನೂ ಹುಷಾರು. ಅದರ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗೆ ಜಾಗ ಕಡಿಮೆ, ಅಷ್ಟೇ ಪೌಡರ್‌ಗೆ ಒತ್ತಡ ಜಾಸ್ತಿ.

ಪೌಡರ್ ಹೆಸರನ್ನು ಅಕ್ಷರ ಅಕ್ಷರ ಓದಿ. ಎಚ್4831 ಅಂತ ಒಂದಿದೆ, ಐಎಂಆರ್ 4831 ಅಂತ ಇನ್ನೊಂದಿದೆ. ನಂಬರ್ ಒಂದೇ, ಪೌಡರ್ ಬೇರೆ. ಹಾಡ್ಜ್‌ಡನ್ ಎಚ್4831 ಅಂತ ಮೊದಲು ಮಾರಿದ್ದು ಎರಡನೇ ಮಹಾಯುದ್ಧದಲ್ಲಿ ಉಳಿದುಹೋದ ಮಿಲಿಟರಿ ಪೌಡರ್. ಐಎಂಆರ್‌ನದ್ದು ಅದಕ್ಕಿಂತ ಬೇಗ ಉರಿಯುತ್ತದೆ. ಎಚ್4831ರ ಗರಿಷ್ಠ ಅಳತೆಯನ್ನು ಅದಕ್ಕೆ ಹಾಕಿದರೆ ಮಿತಿ ದಾಟಿಬಿಡುತ್ತದೆ. ಅಳತೆಯ ಮಾನವನ್ನೂ ನೋಡಿಕೊಳ್ಳಿ. ಗ್ರಾಂ ಬೇರೆ, ಗ್ರೇನ್ ಬೇರೆ. ಒಂದು ಪೌಂಡ್‌ಗೆ 7,000 ಗ್ರೇನ್, ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ.

ಬಂದೂಕು ಯಾವುದು ಅನ್ನೋದೂ ಮುಖ್ಯ. .45-70 ಅನ್ನೋ ಇನ್ನೊಂದು ಬಗೆಯ ಗುಂಡಿಗೆ ಒಳ್ಳೆಯ ಮ್ಯಾನ್ಯುಯಲ್‌ಗಳು ಮೂರು ಬೇರೆ ಪಟ್ಟಿ ಕೊಡುತ್ತವೆ: 1873ರ ಟ್ರ್ಯಾಪ್‌ಡೋರ್ ಸ್ಪ್ರಿಂಗ್‌ಫೀಲ್ಡ್‌ಗೆ ಒಂದು, ಮಾರ್ಲಿನ್ ಲಿವರ್ ಆಕ್ಷನ್‌ಗೆ ಒಂದು, ರೂಗರ್ ನಂಬರ್ 1ಕ್ಕೆ ಒಂದು. ಕೊನೆಯ ಪಟ್ಟಿಯ ಲೋಡನ್ನು ಆ ಹಳೆ ಟ್ರ್ಯಾಪ್‌ಡೋರ್ ತಡೆಯೋದಿಲ್ಲ. ಯಾರೋ ಬರೀ "45-70ಗೆ ಇಷ್ಟು ಹಾಕಿ" ಅಂತ ಬರೆದಿದ್ದರೆ ಅದು ಅರ್ಧ ಮಾಹಿತಿ. ಅರ್ಧ ಮಾಹಿತಿ ಇಲ್ಲಿ ಅಪಾಯ.

"ಪ್ರೈಮರ್ ಚಪ್ಪಟೆ ಆಗಿಲ್ಲ, ಹಾಗಾಗಿ ಲೋಡ್ ಸೇಫ್" ಅಂತ ರೇಂಜ್‌ನಲ್ಲಿ ಬೇಕಾದಷ್ಟು ಜನ ಹೇಳುತ್ತಾರೆ. ಒಪ್ಪಬೇಡಿ. ಚಪ್ಪಟೆ ಪ್ರೈಮರ್, ಬಿಗಿಯಾದ ಬೋಲ್ಟ್, ಕೇಸ್ ತಳದಲ್ಲಿ ಇಜೆಕ್ಟರ್ ಗುರುತು, ಇವೆಲ್ಲ ಎಷ್ಟೋ ಸಲ ಮಿತಿ ದಾಟಿದ ಮೇಲೆ ಕಾಣೋದು. ಬುಲೆಟ್‌ನ ವೇಗ ಅಳೆಯುವ ಒಂದು ಕ್ರೋನೋಗ್ರಾಫ್ ಇಟ್ಟುಕೊಳ್ಳಿ. ಅಷ್ಟೇ ಉದ್ದದ ಬ್ಯಾರೆಲ್‌ನಲ್ಲಿ ಪುಸ್ತಕದ ಗರಿಷ್ಠ ವೇಗಕ್ಕಿಂತ ಜಾಸ್ತಿ ಬರ್ತಿದ್ದರೆ, ಒತ್ತಡವೂ ಮೀರಿದೆ ಅಂತಲೇ ತಿಳಿದು ನಿಲ್ಲಿಸಿ.

ಊರಿಂದ ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.

ನಿಮ್ಮ ಬುಲೆಟ್‌ನ ಹೆಸರು, ತೂಕ, ಪೌಡರ್, ಕೇಸ್ ಯಾವುದು ಅಂತ ಕೆಳಗೆ ಬರೆಯಿರಿ. ಯಾವ ಮ್ಯಾನ್ಯುಯಲ್ ನೋಡಬೇಕು ಅಂತ ಹೇಳುತ್ತೇನೆ. ಅಂಕಿಯನ್ನು ಮಾತ್ರ ನೀವೇ ಪುಸ್ತಕ ತೆರೆದು ನೋಡಿ.