ಪೌಲ ಸರಿಯೋ, ಯಾಕೋಬ ಸರಿಯೋ?

ನಮಸ್ಕಾರ. ನೀವು ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಸಭೆ), ಹೆಂಡತಿ ಮನೆಯವರು ಶಿವಾಜಿನಗರದ ಕ್ಯಾಥೊಲಿಕರು. ನೀವು ‘ನಂಬಿಕೆ ಸಾಕು’ ಅಂದರೆ ಮಾವನವರು ಬೈಬಲ್‌ನ ಯಾಕೋಬ 2:24 (‘ಮನುಷ್ಯ ನೀತಿವಂತನಾಗುವುದು ಕ್ರಿಯೆಗಳಿಂದ, ಬರೀ ನಂಬಿಕೆಯಿಂದಲ್ಲ’) ತೋರಿಸುತ್ತಾರೆ, ಯಾರು ಸರಿ ಅಂತ ಕೇಳಿದ್ದೀರಿ.

ಆ ಒಂದು ವಚನವನ್ನೇ ಹಿಡಿದು ಜಗಳ ಬೇಡ. ಸ್ವಲ್ಪ ಹಿಂದಿನಿಂದ, 14ರಿಂದ ಓದಿ. ಬಟ್ಟೆಯಿಲ್ಲದೆ, ಹಸಿದು ನಿಂತವರಿಗೆ ‘ಹೋಗಿ, ಬೆಚ್ಚಗಿರಿ, ಹೊಟ್ಟೆ ತುಂಬಾ ಊಟ ಮಾಡಿ’ ಅಂತ ಬರೀ ಬಾಯಲ್ಲಿ ಹೇಳಿ ಕಳಿಸುವವನನ್ನು ಯಾಕೋಬ ಬೈಯುತ್ತಿದ್ದಾನೆ. ನಿಮ್ಮ ‘ನಂಬಿಕೆ ಸಾಕು’ ಅನ್ನುವುದಕ್ಕೆ ಆಧಾರವಾದ ಅಪೊಸ್ತಲ ಪೌಲನ ಜಗಳ ಬೇರೆ. ಸುನ್ನತಿ, ಮೋಶೆಯ ಧರ್ಮಶಾಸ್ತ್ರ ಪಾಲಿಸಿಯೇ ದೇವರ ಮುಂದೆ ನೀತಿವಂತರಾಗಬೇಕು ಅನ್ನುವವರ ಜೊತೆ. ಎಫೆಸ 2:8-9ರಲ್ಲಿ ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ ಅನ್ನುತ್ತಾನೆ. ನಮ್ಮವರು ಜಾಸ್ತಿ ಅಲ್ಲಿಗೇ ನಿಲ್ಲಿಸುತ್ತಾರೆ. 10ನೇ ವಚನದಲ್ಲೇ ಸತ್ಕ್ರಿಯೆಗಳಿಗಾಗಿ ನಮ್ಮನ್ನು ಸೃಷ್ಟಿಸಿದ ಮಾತಿದೆ, ಅಲ್ವಾ?

ನಮ್ಮಜ್ಜಿ ಕುಕ್ಕರ್‌ಗೆ ಅಕ್ಕಿ ಹಾಕುವ ಮುಂಚೆ ಒಂದು ಹಿಡಿ ತೆಗೆದು ಹಳೇ ಹಾರ್ಲಿಕ್ಸ್ ಡಬ್ಬಿಗೆ ಹಾಕೋರು, ಬಡವರಿಗೆ ಅಂತ. ‘ಸ್ವರ್ಗಕ್ಕೆ ಟಿಕೆಟ್ಟಾ ಅಜ್ಜಿ?’ ಅಂದರೆ, ‘ಟಿಕೆಟ್ ಆಗಲೇ ಕೊಟ್ಟಾಗಿದೆ ಕಣೋ, ಸುಮ್ನೆ ಇರು’ ಅನ್ನೋರು.

ಇನ್ನೊಂದು ವಿಷಯ. ‘ನಂಬಿಕೆಯಿಂದ ಮಾತ್ರ’ ಅನ್ನುವಲ್ಲಿನ ‘ಮಾತ್ರ’ ರೋಮಾ 3:28ರ ಗ್ರೀಕ್ ಮೂಲದಲ್ಲಿಲ್ಲ. ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರ್ 1522ರ ಜರ್ಮನ್ ಅನುವಾದದಲ್ಲಿ ಸೇರಿಸಿದ್ದು. ಹಾಗಂತ ಕ್ಯಾಥೊಲಿಕರು ‘ಪುಣ್ಯ ಮಾಡಿ ರಕ್ಷಣೆ ಕೊಂಡುಕೊಳ್ಳಿ’ ಅನ್ನುವುದೂ ಇಲ್ಲ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಜಂಟಿ ಘೋಷಣೆಗೆ ಸಹಿ ಹಾಕಿದರು: ದೇವರು ನಮ್ಮನ್ನು ಒಪ್ಪಿಕೊಳ್ಳುವುದು ಕೃಪೆಯಿಂದಲೇ, ನಮ್ಮ ಯೋಗ್ಯತೆಯಿಂದಲ್ಲ ಅಂತ. ಮಾವನವರಿಗೆ ಅದನ್ನು ತೋರಿಸಿ ನೋಡಿ.