ವಾಯುನೌಕೆಗಳು ಮರಳಿ ಬರುತ್ತವೆಯೇ? ವಿಜಯಪುರದ ಸರಕು ಸಾಗಣೆಗಾರನೊಬ್ಬನ ಉತ್ತರ

ನೀವು ಕೇಳಿರುವುದು ಇಷ್ಟು: ಹೀಲಿಯಂ ಎಂಬ ಹಗುರ ಅನಿಲ ತುಂಬಿದ ವಾಯುನೌಕೆಗಳು, ಅಂದರೆ ಏರ್‌ಶಿಪ್‌ಗಳು, ಮತ್ತೆ ಬಳಕೆಗೆ ಬರಬಹುದೇ? ಬಂದರೆ ವಿಮಾನ ನಿಲ್ದಾಣವಿಲ್ಲದ ನಮ್ಮ ಕಡೆಯ ಊರುಗಳಿಗೆ ಜನರನ್ನೂ ಸರಕನ್ನೂ ಸಾಗಿಸಬಲ್ಲವೇ? ಅಥವಾ ಜರ್ಮನಿಯ ಹಿಂಡೆನ್‌ಬರ್ಗ್ ವಾಯುನೌಕೆಯ ಬೆಂಕಿಯೊಂದಿಗೆ ಆ ಕಥೆ ಮುಗಿದೇ ಹೋಯಿತೇ?

ಜನರ ಮಟ್ಟಿಗೆ ಮುಗಿದಿದೆ ಎಂದೇ ನನ್ನ ಅಭಿಪ್ರಾಯ. ಸರಕಿನ ಮಟ್ಟಿಗೆ ಮುಗಿದಿಲ್ಲ. ಆದರೆ ಅದರ ದಾರಿಗೆ ಅಡ್ಡ ನಿಂತಿರುವುದು ಬೆಂಕಿಗಿಂತ ಹೆಚ್ಚಾಗಿ ಗಾಳಿ. ಅದರಲ್ಲೂ ನೌಕೆ ನೆಲಕ್ಕೆ ಹತ್ತಿರವಾದಾಗ ಬೀಸುವ ಗಾಳಿ.

ನಾನು ವಿಜಯಪುರದಲ್ಲಿ ಅತಿಗಾತ್ರದ ಸರಕು ಸಾಗಿಸುವ ಕೆಲಸದಲ್ಲಿದ್ದೇನೆ. ಗಾಳಿಯಂತ್ರದ ಬ್ಲೇಡ್, ಟವರಿನ ತುಂಡುಗಳು, ದೊಡ್ಡ ಟ್ರಾನ್ಸ್‌ಫಾರ್ಮರ್, ಹೀಗೆ ಸಾಮಾನ್ಯ ಲಾರಿಗೆ ಹಿಡಿಸದ್ದೆಲ್ಲ ನಮ್ಮ ಪಾಲಿಗೆ ಬರುತ್ತದೆ. ಎಪ್ಪತ್ತು ಮೀಟರ್ ಉದ್ದದ ಬ್ಲೇಡ್ ಹೊತ್ತ ಟ್ರೇಲರ್ ಸೊಲ್ಲಾಪುರದ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಸರಾಗವಾಗಿಯೇ ಬರುತ್ತದೆ. ಹೆದ್ದಾರಿ ಬಿಟ್ಟು ಹಳ್ಳಿಯ ರಸ್ತೆಗೆ ಹೊರಳಿದಾಗ ನಿಜವಾದ ಕೆಲಸ ಶುರುವಾಗುತ್ತದೆ. ಮುಂದೆ ಒಬ್ಬ ಒಣಗಿದ ಬಿದಿರಿನ ಗಳದಿಂದ ತಂತಿಯನ್ನು ಎತ್ತಿ ಹಿಡಿಯುತ್ತಾನೆ. ಅದಕ್ಕೂ ಮೊದಲು ಲೈನ್‌ಮನ್ ಬಂದು ವಿದ್ಯುತ್ ತೆಗೆದಿರಬೇಕು. ಹಿಂಬದಿಯ ಚಕ್ರಗಳನ್ನು ಇನ್ನೊಬ್ಬ ಪಕ್ಕದಲ್ಲಿ ನಡೆಯುತ್ತಲೇ ತಿರುಗಿಸುತ್ತಾನೆ. ಬ್ಲೇಡಿನ ತುದಿ ರಸ್ತೆ ದಾಟಿ ಪಕ್ಕದ ಹೊಲದ ಜೋಳದ ತೆನೆಗಳ ಮೇಲೆ ಬೀಸಿಕೊಂಡು ಬರುತ್ತದೆ. ಅಡ್ಡ ಬರುವ ಬೇವಿನ ಕೊಂಬೆ, ಚಹಾ ಅಂಗಡಿಯ ತಗಡಿನ ಚಪ್ಪರ, ಮೂಲೆಯ ಹೊಲದ ಬದು, ಇವುಗಳ ಮಾಲೀಕರೊಂದಿಗೆ ಮೊದಲೇ ಮಾತನಾಡಿ ಪರಿಹಾರ ಕೊಟ್ಟಿರಬೇಕು. ಒಂದೇ ತಿರುವಿಗೆ ಅರ್ಧ ದಿನ ಹಿಡಿಯುವುದು ನಮ್ಮಲ್ಲಿ ಅಪರೂಪವಲ್ಲ.

ಕಾರ್ಖಾನೆಯಲ್ಲಿ ಎತ್ತಿಕೊಂಡು ನೇರವಾಗಿ ಟವರಿನ ಬುಡಕ್ಕೆ ಇಳಿಸುವ ನೌಕೆಯೊಂದು ಬಂದರೆ ನನಗಿಂತ ಹೆಚ್ಚು ಸಂತೋಷಪಡುವವರು ಕಡಿಮೆ. ಅದಕ್ಕಾಗಿಯೇ ಈ ವಿಷಯವನ್ನು ಬಹಳ ಕಾಲದಿಂದ ಹಿಂಬಾಲಿಸುತ್ತಿದ್ದೇನೆ.

ಮೊದಲು ಲೆಕ್ಕ ನೋಡೋಣ. ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ಉಷ್ಣತೆಯಲ್ಲಿ, ಒಂದು ಘನ ಮೀಟರ್ ಗಾಳಿಯ ತೂಕ 1.225 ಕಿಲೋ. ಅಷ್ಟೇ ಜಾಗದ ಹೀಲಿಯಂ 170 ಗ್ರಾಂ ಆಸುಪಾಸು ತೂಗುತ್ತದೆ. ಹಾಗಾಗಿ ಒಂದು ಘನ ಮೀಟರ್ ಹೀಲಿಯಂ ಎತ್ತಬಲ್ಲದ್ದು ಸುಮಾರು ಒಂದು ಕಿಲೋ. ಸುಲಭವಾಗಿ ಹೊತ್ತಿ ಉರಿಯುವ ಜಲಜನಕ ಇದಕ್ಕಿಂತ ಶೇಕಡಾ ಎಂಟರಷ್ಟು ಮಾತ್ರ ಹೆಚ್ಚು ಎತ್ತುತ್ತದೆ. ಈಗ ಇದೇ ಲೆಕ್ಕವನ್ನು ಮೇ ತಿಂಗಳ ವಿಜಯಪುರಕ್ಕೆ ತನ್ನಿ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರ, 40 ಡಿಗ್ರಿ ಬಿಸಿಲು. ಇಲ್ಲಿಯ ಗಾಳಿ ಘನ ಮೀಟರಿಗೆ 1.05 ಕಿಲೋ ಮಾತ್ರ. ಯುರೋಪಿನ ಬಯಲಿನಲ್ಲಿ ಎತ್ತಿದ ಭಾರದ ಏಳನೆಯ ಒಂದು ಪಾಲು ಇಲ್ಲಿ ತಾನಾಗಿಯೇ ಕೈಬಿಡುತ್ತದೆ. ವಿದೇಶಿ ಕಂಪನಿಗಳ ಕರಪತ್ರದಲ್ಲಿರುವ ಟನ್ನುಗಳನ್ನು ಓದುವಾಗ ನಮ್ಮವರು ಇದನ್ನು ಮರೆಯಬಾರದು.

ಕಿಲೋಗೆ ಒಂದು ಘನ ಮೀಟರ್ ಬೇಕಾದ್ದರಿಂದ ನೌಕೆ ದೈತ್ಯವಾಗಲೇಬೇಕು. ಗೋಳಗುಮ್ಮಟದ ಮುಂದೆ ನಿಂತು ಹಿಂಡೆನ್‌ಬರ್ಗ್ ಅನ್ನು ಊಹಿಸಿಕೊಳ್ಳಿ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್, ಹಿಂಡೆನ್‌ಬರ್ಗ್‌ನ ವ್ಯಾಸ 41 ಮೀಟರ್. ಉದ್ದ 245 ಮೀಟರ್. ಗೋಳಗುಮ್ಮಟದ ಕಟ್ಟಡವನ್ನೇ ಐದು ಬಾರಿ ಸಾಲಾಗಿ ಇಟ್ಟರೂ ಅದರ ಉದ್ದಕ್ಕೆ ಸಾಲದು. ಇಷ್ಟು ದೊಡ್ಡದಾದ, ತೂಕವೇ ಇಲ್ಲದಂತೆ ತೇಲುವ ವಸ್ತುವನ್ನು ಬಯಲಿನಲ್ಲಿ ಗಾಳಿಗೆ ಒಡ್ಡಿ ಹಿಡಿದು ನಿಲ್ಲಿಸಬೇಕು.

ಜಲಜನಕ ತುಂಬಿದ್ದ ಹಿಂಡೆನ್‌ಬರ್ಗ್ 1937ರ ಮೇ 6ರಂದು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಉರಿದುಹೋಯಿತು. ನೌಕೆಯಲ್ಲಿದ್ದ 97 ಜನರಲ್ಲಿ 35 ಮಂದಿ ಸತ್ತರು, ನೆಲದ ಮೇಲಿದ್ದ ಒಬ್ಬ ಕೆಲಸಗಾರನೂ ಸತ್ತ. ಅದನ್ನು ಕ್ಯಾಮೆರಾ ಸೆರೆ ಹಿಡಿದದ್ದರಿಂದ ಜಗತ್ತಿನ ನೆನಪಿನಲ್ಲಿ ಅದೊಂದೇ ಉಳಿಯಿತು. ಆದರೆ ಅಮೆರಿಕದ ನೌಕಾಪಡೆಯ ಶೆನಂಡೋವಾ ನೌಕೆಯಲ್ಲಿ ಇದ್ದದ್ದು ಹೀಲಿಯಂ. ಬೆಂಕಿಯ ಮಾತೇ ಇಲ್ಲ. 1925ರಲ್ಲಿ ಓಹಾಯೋದ ಮೇಲೆ ಬಿರುಗಾಳಿಗೆ ಸಿಕ್ಕಿ ಅದು ತುಂಡು ತುಂಡಾಯಿತು, 14 ಮಂದಿ ಸತ್ತರು. ಅದೇ ಪಡೆಯ ಏಕ್ರಾನ್ ನೌಕೆಯಲ್ಲೂ ಹೀಲಿಯಂ ಇತ್ತು. 1933ರಲ್ಲಿ ಬಿರುಗಾಳಿಯಲ್ಲಿ ಸಮುದ್ರಕ್ಕೆ ಬಿದ್ದು 73 ಜನರನ್ನು ಬಲಿ ತೆಗೆದುಕೊಂಡಿತು, ಅಂದರೆ ಹಿಂಡೆನ್‌ಬರ್ಗ್‌ನ ಎರಡು ಪಟ್ಟು. ಬ್ರಿಟನ್ನಿನ ಆರ್-101 ಹೊರಟಿದ್ದು ನಮ್ಮ ದೇಶಕ್ಕೇ. ಕರಾಚಿಯಲ್ಲಿ ಅದಕ್ಕಾಗಿ ಭಾರಿ ಶೆಡ್ ಕಟ್ಟಲಾಗಿತ್ತು. ಆಗ ಕರಾಚಿಯೂ ವಿಜಯಪುರವೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. 1930ರ ಅಕ್ಟೋಬರ್ 5ರ ನಸುಕಿನಲ್ಲಿ ಗಾಳಿಮಳೆಯ ನಡುವೆ ಎತ್ತರ ಕಳೆದುಕೊಂಡ ಅದು ಫ್ರಾನ್ಸ್‌ನ ಬೋವೆ ಪಟ್ಟಣದ ಬಳಿ ನೆಲಕ್ಕೆ ಬಡಿಯಿತು. ಬೆಂಕಿ ಹತ್ತಿದ್ದು ಆಮೇಲೆ. 54 ಜನರಲ್ಲಿ 48 ಮಂದಿ ಉಳಿಯಲಿಲ್ಲ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಜರ್ಮನಿಯ ಗ್ರಾಫ್ ಜೆಪ್ಪೆಲಿನ್ ನೌಕೆ ಜಲಜನಕ ತುಂಬಿಕೊಂಡೇ 1929ರಲ್ಲಿ ಭೂಮಿಯನ್ನು ಸುತ್ತಿ ಬಂತು. ಒಂಬತ್ತು ವರ್ಷಗಳಲ್ಲಿ ಹದಿನಾರು ಲಕ್ಷ ಕಿಲೋಮೀಟರಿಗೂ ಹೆಚ್ಚು ಹಾರಿ, ಒಬ್ಬ ಪ್ರಯಾಣಿಕನಿಗೂ ಪೆಟ್ಟಾಗದಂತೆ ನಿವೃತ್ತಿ ಹೊಂದಿತು. ಹವಾಮಾನವನ್ನು ಅರಿತು ನಡೆಸಿದರೆ ಏನು ಸಾಧ್ಯ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹೀಲಿಯಂ ಎಂದಾಗ ನನಗೆ ಯಾವಾಗಲೂ ನೆನಪಾಗುವುದು ಜಮಖಂಡಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಲೆಫ್ಟಿನೆಂಟ್ ಜಾನ್ ಹರ್ಷಲ್ ಬಿಡಾರ ಹೂಡಿದ್ದು ಅಲ್ಲಿ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷಲ್‌ನ ಮೊಮ್ಮಗ ಆತ. ಮೋಡಗಳ ಎಡೆಯಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕದಲ್ಲಿ ಹಿಡಿದು, ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಗುರುತಿಸಿದ. ಕಿತ್ತಳೆ ಗೆರೆ ಸೋಡಿಯಂನದು ಎಂದು ಆಗ ಅನ್ನಿಸಿತ್ತು. ಅದು ಹೀಲಿಯಂ ಎಂಬ ಹೊಸ ಧಾತುವಿನದು ಎಂಬುದು ಮುಂದೆ ತಿಳಿಯಿತು, ಭೂಮಿಯ ಮೇಲೆ ವಿಲಿಯಂ ರಾಮ್ಸೆ ಅದನ್ನು ಪ್ರತ್ಯೇಕಿಸಿದ್ದು 1895ರಲ್ಲಿ. ಬಾಗಲಕೋಟೆ ಜಿಲ್ಲೆಯ ಶಾಲಾ ಮಕ್ಕಳಿಗೆ ಇದನ್ನು ಹೇಳಿಕೊಡಬೇಕು ಎಂಬುದು ನನ್ನ ಬಹುದಿನದ ಆಸೆ. ಇರಲಿ, ಇಂದು ಆ ಅನಿಲ ಬರುವುದು ಕೆಲವೇ ದೇಶಗಳ ನೈಸರ್ಗಿಕ ಅನಿಲದ ಬಾವಿಗಳಿಂದ. ಬೆಲೆ ದುಬಾರಿ. ಹಿಂದಿನವರು ಜಲಜನಕವನ್ನು ಗಾಳಿಗೆ ಬಿಟ್ಟು ನೌಕೆ ಇಳಿಸುತ್ತಿದ್ದಂತೆ ಹೀಲಿಯಂ ಬಿಡಲು ಆಗದು. ಮುಂದಿನ ತೊಡಕು ಹುಟ್ಟುವುದು ಇಲ್ಲಿಯೇ.

ಪ್ರಯಾಣಿಕರ ವಿಷಯ ಬೇಗ ಮುಗಿಸುತ್ತೇನೆ. ಹಿಂಡೆನ್‌ಬರ್ಗ್‌ನ ಕೊನೆಯ ಯಾನದಲ್ಲಿ ಪ್ರಯಾಣಿಕರು 36, ಸಿಬ್ಬಂದಿ 61. ವೇಗ ಗಂಟೆಗೆ 125 ಕಿಲೋಮೀಟರ್ ಆಸುಪಾಸು, ಎದುರುಗಾಳಿ ಬಂದರೆ ಅದರಲ್ಲೂ ಕಡಿತ. ಬೆಳಗಾವಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಮಲಗಿ ಬೆಳಗ್ಗೆ ಇಳಿಯುವವರು, ಗಾಳಿ ಜೋರಾದರೆ ರದ್ದಾಗುವ ನೌಕೆಗೆ ಹೆಚ್ಚು ಹಣ ಕೊಡುವುದಿಲ್ಲ. ಜರ್ಮನಿಯ ಫ್ರೀಡ್ರಿಕ್ಸ್‌ಹಾಫೆನ್‌ನಲ್ಲಿ 75 ಮೀಟರ್ ಉದ್ದದ ಜೆಪ್ಪೆಲಿನ್ ಎನ್‌ಟಿ 2001ರಿಂದ ಜನರನ್ನು ಸುತ್ತಾಡಿಸುತ್ತಿದೆ. ಅದು ಪ್ರವಾಸಿಗಳ ವಿಹಾರ. ಹಾಗೆಯೇ ಮುಂದುವರಿಯಲಿ.

ಸರಕಿಗೆ ಬರುತ್ತೇನೆ. ಬ್ಲೇಡಿನ ತೂಕ ಇಪ್ಪತ್ತು ಟನ್ ಎಂದಿಟ್ಟುಕೊಳ್ಳಿ. ನೌಕೆ ಅದನ್ನು ಹೊತ್ತು ತಂದು ಗುಡ್ಡದ ಮೇಲೆ ನಿಂತಿತು. ಕೊಕ್ಕೆ ಬಿಚ್ಚಿದ ಕ್ಷಣ ನೌಕೆ ಇಪ್ಪತ್ತು ಟನ್ ಹಗುರಾಗುತ್ತದೆ. ಏನೂ ಮಾಡದಿದ್ದರೆ ಆಕಾಶಕ್ಕೆ ಚಿಮ್ಮುತ್ತದೆ. ಹೀಲಿಯಂ ಬಿಡುವಂತಿಲ್ಲ ಎಂದ ಮೇಲೆ, ಬಿಚ್ಚುವ ಮೊದಲೇ ಅಷ್ಟೇ ತೂಕದ ಬೇರೆ ಏನನ್ನಾದರೂ ಏರಿಸಬೇಕು. ಹೆಚ್ಚಿನ ಯೋಜನೆಗಳಲ್ಲಿ ಬರುವ ಉತ್ತರ ನೀರು. ಇಪ್ಪತ್ತು ಟನ್ ಎಂದರೆ ಇಪ್ಪತ್ತು ಸಾವಿರ ಲೀಟರ್, ದೊಡ್ಡ ಟ್ಯಾಂಕರ್ ಎರಡು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಇಂಡಿ, ಸಿಂದಗಿ ಭಾಗದಲ್ಲಿ ಪ್ರತಿ ಬ್ಲೇಡಿಗೂ ಎರಡು ಟ್ಯಾಂಕರ್ ನೀರನ್ನು ಗುಡ್ಡಕ್ಕೆ ಏರಿಸುತ್ತೇವೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಅಲ್ಲದೆ ಟ್ಯಾಂಕರ್ ಹೋಗಲು ರಸ್ತೆ ಬೇಕು. ಟವರ್ ನಿಲ್ಲಿಸುವ ಕ್ರೇನ್ ಬರಲೂ ಅದೇ ರಸ್ತೆ ಬೇಕು. ಕಲ್ಲು, ಮಣ್ಣಿನ ಚೀಲ ಏರಿಸಬಹುದು, ಆದರೆ ತೂಗುತ್ತಿರುವ ನೌಕೆಗೆ ನೀರನ್ನು ಪಂಪ್ ಮಾಡಿದಷ್ಟು ಸುಲಭವಾಗಿ ಕಲ್ಲು ತುಂಬಲಾಗದು.

ಇದಕ್ಕಿಂತ ದೊಡ್ಡ ತೊಡಕು ಗಾಳಿಯದು. ಗಾಳಿಯಂತ್ರ ಹೂಡಲು ಆ ಗುಡ್ಡವನ್ನು ಆರಿಸಿದ್ದೇ ಅಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆ ಎಂದು! 200 ಮೀಟರ್ ಉದ್ದದ ನೌಕೆಗೆ ಗಂಟೆಗೆ 36 ಕಿಲೋಮೀಟರ್ ಗಾಳಿ ಮಗ್ಗುಲಿಗೆ ಬಡಿದರೆ, ನನ್ನ ಅಂದಾಜಿನ ಲೆಕ್ಕದಲ್ಲಿ ನೂಕುಬಲ ಇಪ್ಪತ್ತು ಟನ್ನಿನ ಸುತ್ತಮುತ್ತ ಬರುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು. ಅಡ್ಡಮಳೆಯ ಹೊತ್ತಿನಲ್ಲಿ ನಮ್ಮ ಕಡೆ ಗಾಳಿ ಹೇಗೆ ದಿಕ್ಕು ಬದಲಿಸುತ್ತದೆ, ತಗಡುಗಳನ್ನು ಎಲ್ಲಿಂದ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ನೀವೂ ನೋಡಿರುತ್ತೀರಿ. ಆಷಾಢದ ಗಾಳಿಯಂತೂ ದಿನವಿಡೀ ಬಿಡುವುದಿಲ್ಲ. ಅಂಥ ಗಾಳಿಯಲ್ಲಿ ಹಗ್ಗದ ತುದಿಗೆ ಬ್ಲೇಡ್ ತೂಗಿಸಿಕೊಂಡು ಒಂದೇ ಕಡೆ ನಿಲ್ಲುವ ನೌಕೆಯನ್ನು ನಾನು ನಂಬಲಾರೆ.

ಪ್ರಯತ್ನಗಳು ನಿಂತಿಲ್ಲ ಎಂಬುದು ಸಂತೋಷದ ಸಂಗತಿ. ಜರ್ಮನಿಯ ಕಾರ್ಗೋಲಿಫ್ಟರ್ 160 ಟನ್ ಎತ್ತುವ ನೌಕೆಯ ಕನಸು ಕಂಡು, 360 ಮೀಟರ್ ಉದ್ದದ ಹ್ಯಾಂಗರ್ (ನೌಕೆ ಇಡುವ ಶೆಡ್) ಕಟ್ಟಿ, 2002ರಲ್ಲಿ ದಿವಾಳಿಯಾಯಿತು. ಆ ಹ್ಯಾಂಗರ್ ಇಂದು ಒಳಾಂಗಣ ಜಲವಿಹಾರ ತಾಣ. ಬ್ರಿಟನ್ನಿನ ಏರ್‌ಲ್ಯಾಂಡರ್ 10 ಬೇರೆ ಉಪಾಯ ಹೂಡಿತು: ಒಡಲನ್ನೇ ರೆಕ್ಕೆಯಂತೆ ರೂಪಿಸಿ, ಎತ್ತುವ ಬಲದ ಒಂದು ಪಾಲನ್ನು ಓಟದಿಂದ ಪಡೆಯುವುದು. ಆಗ ನೌಕೆ ಗಾಳಿಗಿಂತ ತುಸು ಭಾರವಾಗಿಯೇ ಇಳಿಯುತ್ತದೆ, ನೀರಿನ ಗೋಜು ಕಡಿಮೆಯಾಗುತ್ತದೆ. ನನಗೆ ಇದು ಬುದ್ಧಿವಂತ ದಾರಿ ಎನಿಸುತ್ತದೆ. ಆದರೆ ಅದಕ್ಕೂ 2017ರಲ್ಲಿ ಪೆಟ್ಟು ಬಿದ್ದದ್ದು ನೆಲದ ಮೇಲೆಯೇ, ಕಟ್ಟಿಹಾಕಿದ್ದ ಕಂಬದಿಂದ ಕಿತ್ತುಕೊಂಡು ಹೋಗಿ. ಫ್ರಾನ್ಸ್‌ನ ಫ್ಲೈಯಿಂಗ್ ವೇಲ್ಸ್ ಕಂಪನಿ 60 ಟನ್ ಹೊರುವ, 200 ಮೀಟರ್ ಉದ್ದದ ನೌಕೆಯನ್ನು ರೂಪಿಸುತ್ತಿದೆ. ರಸ್ತೆ ಇಲ್ಲದ ಕಾಡಿನಿಂದ ದಿಮ್ಮಿ ತರುವುದು ಅದರ ಮೂಲ ಉದ್ದೇಶ. ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ 2025ರ ಮೇ 3ರಂದು ಮಧ್ಯಪ್ರದೇಶದ ಶಿಯೋಪುರದಿಂದ ವಾಯುನೌಕೆಯೊಂದನ್ನು ಸುಮಾರು 17 ಕಿಲೋಮೀಟರ್ ಎತ್ತರಕ್ಕೆ ಕಳಿಸಿತು. ಅದು ಕಣ್ಗಾವಲಿಗೆ, ಸಾಗಣೆಗಲ್ಲ. ಆದರೂ ಹೊದಿಕೆಯ ಬಟ್ಟೆ, ಅನಿಲದ ಒತ್ತಡದ ನಿಯಂತ್ರಣ ಇವುಗಳಲ್ಲಿ ಅಲ್ಲಿ ಕಲಿತದ್ದು ಮುಂದೆ ಸರಕಿಗೂ ಒದಗುತ್ತದೆ.

ಹಾಗಾದರೆ ನಮ್ಮ ಜಿಲ್ಲೆಗಳಲ್ಲಿ ಎಂದಾದರೂ ಸಾಧ್ಯವೇ? ಸಾಧ್ಯವಾಗಿಸುವ ಒಂದು ದಾರಿ ನನಗೆ ಕಾಣುತ್ತದೆ. ಗುಡ್ಡದ ತುದಿಯ ಆಸೆ ಬಿಟ್ಟು ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಇಳಿಸಬೇಕು. ಬಯಲು ವಿಶಾಲವಾಗಿದೆ, ಮರ, ತಂತಿಗಳ ಕಾಟ ಕಡಿಮೆ, ಏರಿಸಿಕೊಳ್ಳಲು ನೀರು ಪಕ್ಕದಲ್ಲೇ ಇದೆ. ಅದನ್ನು ಹೊತ್ತುಹೋದ ನೌಕೆ ಮುಂದಿನ ಬ್ಲೇಡ್ ಕಟ್ಟಿಕೊಳ್ಳುವಾಗ ಕಾರ್ಖಾನೆಯ ಬಳಿ ಸುರಿಯಬಹುದು. ಕೊನೆಯ ಕೆಲವು ಕಿಲೋಮೀಟರ್ ಟ್ರೇಲರ್ ಸಾಗಲಿ. ಕೆಲಸ ಮಾಡಬೇಕಾದ್ದು ನವೆಂಬರಿನಿಂದ ಫೆಬ್ರುವರಿಯವರೆಗೆ, ಸೂರ್ಯ ಏರುವ ಮೊದಲು. ಬಿಸಿಲು ಏರಿದಂತೆ ಒಳಗಿನ ಅನಿಲ ಹೊರಗಿನ ಗಾಳಿಗಿಂತ ಹೆಚ್ಚು ಕಾದು ನೌಕೆಯ ತೂಕದ ಲೆಕ್ಕವೇ ಗಂಟೆಗಂಟೆಗೂ ಬದಲಾಗುತ್ತದೆ. ಚಳಿಗಾಲದ ಬೆಳಗಿನಲ್ಲಿ ಗಾಳಿ ಮಂದವಾಗಿರುತ್ತದೆ, ತಂಪಾದ ಗಾಳಿ ಹೆಚ್ಚು ಭಾರ ಎತ್ತುತ್ತದೆ.

ಉಳಿದ ಎಂಟು ತಿಂಗಳು ಆ ನೌಕೆಗೆ ಎಲ್ಲಿ ಕೆಲಸ, ಯಾವ ಹ್ಯಾಂಗರ್‌ನಲ್ಲಿ ಆಶ್ರಯ, ಆ ಖರ್ಚು ಯಾರದು ಎಂಬುದಕ್ಕೆ ಲೆಕ್ಕ ಹಿಡಿದುಕೊಂಡು ಒಂದು ಕಂಪನಿ ಬರಲಿ. ಹಿನ್ನೀರಿನ ದಂಡೆಯಿಂದ ಟವರಿನ ಬುಡದವರೆಗಿನ ರಸ್ತೆಯ ಸಮೀಕ್ಷೆಯನ್ನು ನಾನೇ ಮಾಡಿಕೊಡುತ್ತೇನೆ.